ಸ್ಟುವರ್ಟ್ ಕಾರ್ಡ್ ಮತ್ತು ಸೆಕೆಂಡಿನ ಲೆಕ್ಕ

ಒಂದೇ ಕೆಲಸಕ್ಕೆ ಎರಡು ಸ್ಕ್ರೀನ್ ವಿನ್ಯಾಸ ಮುಂದಿಟ್ಟರೆ, ಯಾವುದರಲ್ಲಿ ಕೆಲಸ ಬೇಗ ಮುಗಿಯುತ್ತದೆ ಎಂಬ ಚರ್ಚೆ ಅಭಿಪ್ರಾಯದಲ್ಲೇ ಸುತ್ತುತ್ತದೆ. ಕಂಪ್ಯೂಟರನ್ನು ಜನ ಬಳಸುವ ಬಗೆಯನ್ನು ಅಧ್ಯಯನ ಮಾಡಿದ ಸಂಶೋಧಕ ಸ್ಟುವರ್ಟ್ ಕಾರ್ಡ್ ಅವರ ದುಡಿಮೆಯ ಬಹುಪಾಲು ಈ ಚರ್ಚೆಯನ್ನು ಕಾಗದದ ಮೇಲೆ ಕೂಡಿ ನೋಡಬಹುದಾದ ಲೆಕ್ಕವನ್ನಾಗಿ ಮಾಡುವುದಕ್ಕೆ ಹೋಯಿತು. ಓಬರ್ಲಿನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಅಲೆನ್ ನ್ಯೂವೆಲ್ ಜತೆ ಮನಶ್ಶಾಸ್ತ್ರಕ್ಕೆ ತಿರುಗಿದರು. 1974ರಲ್ಲಿ ಪಾಲೊ ಆಲ್ಟೊದಲ್ಲಿನ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್ (PARC) ಸೇರಿದಾಗ ಪಿಎಚ್.ಡಿ. ಇನ್ನೂ ಮುಗಿದಿರಲಿಲ್ಲ, ಅದು ಕೈಗೆ ಬಂದದ್ದು 1978ರಲ್ಲಿ. 2010ರಲ್ಲಿ ನಿವೃತ್ತಿಯಾಗುವವರೆಗೂ ಪಾರ್ಕ್ ಬಿಡಲಿಲ್ಲ. ಮೌಸ್, ಎಡಿಟರ್, ವಿಂಡೋ, ವೆಬ್ ಎಂದು ವಿಷಯ ಬದಲಾಗುತ್ತ ಹೋಯಿತು. ಅಳೆಯುವ ಕೋಲು ಮಾತ್ರ ಒಂದೇ: ಸಮಯ.

1978ರಲ್ಲಿ ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಜತೆ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಸಾಧನಗಳಿದ್ದವು: ಮೌಸ್, ಜಾಯ್‌ಸ್ಟಿಕ್, ಬಾಣದ ಗುರುತಿನ ಕೀಲಿಗಳು, ಪದ-ಸಾಲು ದಾಟಿಸುವ ಕೀಲಿಗಳು. ಪರದೆಯ ಮೇಲಿನ ಪಠ್ಯದಲ್ಲಿ ಒಂದು ಪದವನ್ನು ಆರಿಸಲು, ಕೀಬೋರ್ಡಿನಿಂದ ಕೈ ಎತ್ತುವುದೂ ಸೇರಿ, ಮೌಸ್‌ಗೆ ಸರಾಸರಿ 1.66 ಸೆಕೆಂಡು ಬೇಕಾಯಿತು, ತಪ್ಪಿದ್ದು ಶೇ. 5ರಷ್ಟು ಸಲ. ಬಾಣದ ಕೀಲಿಗಳಿಗೆ 2.51 ಸೆಕೆಂಡು, ತಪ್ಪು ಶೇ. 13. ಜೆರಾಕ್ಸ್ ಮೌಸ್ ಅನ್ನು ಮಾರುಕಟ್ಟೆಗೆ ತಂದದ್ದರ ಹಿಂದೆ ಈ ಅಳತೆಗಳ ಬೆಂಬಲವಿತ್ತು.

ಆದರೆ ಆ ಲೇಖನದ ನಿಜವಾದ ತಿರುಳು ಗೆದ್ದವರ ಪಟ್ಟಿಯಲ್ಲಿಲ್ಲ, ಮೌಸ್‌ನ ಸೂತ್ರದಲ್ಲಿದೆ. ಗುರಿಯ ದೂರವನ್ನು ಅದರ ಅಗಲದಿಂದ ಭಾಗಿಸಿ, 0.5 ಕೂಡಿಸಿ, ಬಂದದ್ದಕ್ಕೆ ಎರಡರ ಆಧಾರದ ಲಾಗರಿದಮ್ ತೆಗೆದು, 0.096ರಿಂದ ಗುಣಿಸಿ, 1.03 ಸೇರಿಸಿದರೆ ಸೆಕೆಂಡು ಸಿಗುತ್ತದೆ. ಗುರಿಯ ದೂರ-ಅಗಲದಿಂದ ಕೈ ಚಲನೆಯ ಸಮಯ ಹೇಳುವ 1954ರ ಫಿಟ್ಸ್ ನಿಯಮದ್ದೇ ರೂಪ ಇದು. ಗುರಿಯ ದೂರ ಇಮ್ಮಡಿಯಾದರೆ ಹೆಚ್ಚುವುದು ಸರಿಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಬರಿಗೈಯಿಂದ ಗುರಿ ಮುಟ್ಟುವ ಪ್ರಯೋಗಗಳಲ್ಲೂ ಹೆಚ್ಚುಕಡಿಮೆ ಇದೇ ಅಂಕಿ ಬರುತ್ತದೆ. ಅಂದರೆ ಇಲ್ಲಿ ವೇಗಕ್ಕೆ ಮಿತಿ ಹಾಕುತ್ತಿರುವುದು ಮೌಸ್ ಅಲ್ಲ, ಕಣ್ಣು-ಕೈ ಜೋಡಿಯೇ. ವಿನ್ಯಾಸಕಾರರು ಇದರಿಂದ ಕಲಿಯಬೇಕಾದದ್ದೂ ಇದೆ: ಬಟನ್ನಿನ ಅಗಲ ಇಮ್ಮಡಿ ಮಾಡಿದರೆ ಉಳಿಯುವುದು ಆ ಹತ್ತನೇ ಒಂದು ಸೆಕೆಂಡು ಮಾತ್ರ, ಗುರಿಯಿಡುವ ಹೆಜ್ಜೆಯನ್ನೇ ತೆಗೆದುಹಾಕಿದರೆ ಉಳಿಯುವುದು ಒಂದು ಸೆಕೆಂಡಿಗೂ ಮೇಲೆ. ಈ ಸ್ಥಿರಾಂಕಗಳು ಆ ಕಾಲದ ಮೌಸ್‌ನವು. ಟಚ್‌ಸ್ಕ್ರೀನ್‌ಗೆ ಇವನ್ನೇ ಎತ್ತಿ ಹಾಕಬಾರದು, ಅಲ್ಲಿಗೆ ಬೇರೆಯೇ ಅಳೆಯಬೇಕು.

ಥಾಮಸ್ ಮೋರನ್ ಮತ್ತು ನ್ಯೂವೆಲ್ ಜತೆ 1980ರಲ್ಲಿ ಹೊರತಂದ ಕೀಸ್ಟ್ರೋಕ್-ಲೆವೆಲ್ ಮಾಡೆಲ್ ಇವತ್ತಿಗೂ ಪೆನ್ನು-ಕಾಗದದಲ್ಲಿ ಬಳಸಬಹುದಾದ ಉಪಕರಣ. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದರ ಸಮಯವನ್ನು ಕೂಡಿಸುವುದಷ್ಟೇ. ಒಂದು ಕೀಲಿ ಒತ್ತುವುದಕ್ಕೆ 0.2 ಸೆಕೆಂಡು (ಚೆನ್ನಾಗಿ ಟೈಪ್ ಮಾಡುವವರಿಗೆ, ಸಾಧಾರಣ ಬಳಕೆದಾರರಿಗೆ 0.28), ಮೌಸ್‌ನಿಂದ ಗುರಿಯಿಡುವುದಕ್ಕೆ 1.1, ಕೀಬೋರ್ಡು-ಮೌಸ್ ನಡುವೆ ಕೈ ಬದಲಿಸಲು 0.4, ಮನಸ್ಸಿನಲ್ಲಿ ಮುಂದಿನ ಹೆಜ್ಜೆಗೆ ಸಿದ್ಧವಾಗಲು 1.35. ಮೌಸ್ ಬಟನ್ ಒತ್ತುವುದು 0.1, ಬಿಡುವುದು 0.1 ಎಂಬುದು ಆಮೇಲೆ ಸೇರಿದ ಅಂಕಿ.

ಕಡತ ಉಳಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಕೈ ಕೀಬೋರ್ಡಿನ ಮೇಲಿದೆ. ಮೆನು ಮೂಲಕವಾದರೆ: ಮೌಸ್‌ಗೆ ಕೈ 0.4, ಮನಸ್ಸಿನ ಸಿದ್ಧತೆ 1.35, ಮೆನುವಿಗೆ ಗುರಿ 1.1, ಕ್ಲಿಕ್ 0.2, ‘ಸೇವ್’ ಸಾಲಿಗೆ ಗುರಿ 1.1, ಕ್ಲಿಕ್ 0.2, ಕೈ ವಾಪಸ್ಸು 0.4. ಒಟ್ಟು 4.75 ಸೆಕೆಂಡು. ಕಂಟ್ರೋಲ್-ಎಸ್ ಒತ್ತಿದರೆ: ಸಿದ್ಧತೆ 1.35, ಎರಡು ಕೀಲಿ 0.4, ಒಟ್ಟು 1.75. ವ್ಯತ್ಯಾಸ ಪೂರಾ ಮೂರು ಸೆಕೆಂಡು. ದಿನಕ್ಕೆ 40 ಸಲ ಉಳಿಸುವವರಿಗೆ ಎರಡು ನಿಮಿಷ. ಶಾರ್ಟ್‌ಕಟ್‌ನ ಹಾದಿಯಲ್ಲಿ ಮುಕ್ಕಾಲು ಪಾಲು ಸಮಯ ಹೋಗುವುದು ಬೆರಳಿನಲ್ಲಲ್ಲ, ತಲೆಯಲ್ಲಿ ಎಂಬುದನ್ನು ಗಮನಿಸಿ.

ಎಡವುವುದೂ ಆ 1.35ರಲ್ಲೇ. ಸಿದ್ಧತೆಯನ್ನು ಎಲ್ಲೆಲ್ಲಿ ಹಾಕಬೇಕು ಎಂಬುದಕ್ಕೆ ನಿಯಮಗಳಿವೆ: ಆಜ್ಞೆಯ ಮುಂದೆ ಹಾಕಿ, ಟೈಪ್ ಮಾಡುವ ಪಠ್ಯದ ಅಕ್ಷರಗಳ ನಡುವೆ ಹಾಕಬೇಡಿ, ಒಂದೇ ಉಸಿರಿನಲ್ಲಿ ಆಗಿಬಿಡುವ ಹೆಜ್ಜೆಗಳ ಮಧ್ಯೆ ಇದ್ದರೆ ತೆಗೆಯಿರಿ. ಮೇಲಿನ ಲೆಕ್ಕದಲ್ಲಿ ‘ಸೇವ್’ ಸಾಲಿನ ಮುಂದೆ ಇನ್ನೊಂದು 1.35 ಬರದಿರುವುದು ಅದಕ್ಕೇ. ಮೆನು ತೆರೆಯುವಾಗಲೇ ಅದು ಮನಸ್ಸಿನಲ್ಲಿರುತ್ತದೆ. ಒಂದು ವಿನ್ಯಾಸಕ್ಕೆ ಧಾರಾಳವಾಗಿ, ಇನ್ನೊಂದಕ್ಕೆ ಬಿಗಿಯಾಗಿ ಸಿದ್ಧತೆ ಹಾಕಿದರೆ ಉತ್ತರ ನಮಗೆ ಬೇಕಾದ ಕಡೆ ಬರುತ್ತದೆ. ಎರಡನ್ನೂ ಒಬ್ಬರೇ, ಒಂದೇ ನಿಯಮದಲ್ಲಿ, ಒಂದೇ ಸಲ ಕೂತು ಬರೆಯುವುದು ಒಳ್ಳೆಯದು. ಇನ್ನೊಂದು ಮಿತಿ: ಈ ಲೆಕ್ಕ ಕೆಲಸ ಗೊತ್ತಿರುವವರದು, ತಪ್ಪಿಲ್ಲದೆ ಮಾಡುವವರದು. ಹೊಸಬರು ಮೆನು ಹುಡುಕಾಡುವ ಸಮಯ ಇದರಲ್ಲಿಲ್ಲ. ಮೂಲ ಲೇಖನದಲ್ಲೇ ಒಂದೊಂದು ಕೆಲಸದ ಅಂದಾಜು ಶೇ. 21ರಷ್ಟು ಆಚೀಚೆ ಆಗುತ್ತಿತ್ತು. ನೂರು ಮಿಲಿಸೆಕೆಂಡಿನ ವ್ಯತ್ಯಾಸ ತೋರಿಸಿ ತೀರ್ಪು ಕೊಡುವವರು ಇದನ್ನು ನೆನಪಿಡಬೇಕು.

1983ರಲ್ಲಿ ಕಾರ್ಡ್, ಮೋರನ್, ನ್ಯೂವೆಲ್ ಮೂವರೂ ಬರೆದ ಪುಸ್ತಕದ ಒತ್ತಾಯ ಸರಳ: ಕೆಲಸವನ್ನು ಬಿಡಿಸಿ ನೋಡಿ, ಲೆಕ್ಕ ಹಾಕಿ, ಅಂದಾಜಿಗೆ ಹೆದರಬೇಡಿ. ಅದರಿಂದ ಟಿಸಿಲೊಡೆದ ಒಂದು ಅಧ್ಯಯನ ನನಗೆ ಬಹಳ ಮೆಚ್ಚುಗೆಯದು. ವೇಯ್ನ್ ಗ್ರೇ, ಬಾನಿ ಜಾನ್, ಮೈಕೆಲ್ ಆಟ್‌ವುಡ್ 1993ರಲ್ಲಿ ಪ್ರಕಟಿಸಿದ ‘ಪ್ರಾಜೆಕ್ಟ್ ಅರ್ನೆಸ್ಟೀನ್’. ನೈನೆಕ್ಸ್ ಟೆಲಿಫೋನ್ ಕಂಪನಿಯ ಆಪರೇಟರುಗಳಿಗೆ ಬರಲಿದ್ದ ಹೊಸ ಯಂತ್ರ ಹಳೆಯದಕ್ಕಿಂತ ಚುರುಕು ಎಂದೇ ಎಲ್ಲರ ಎಣಿಕೆ. ಲೆಕ್ಕ ಮಾತ್ರ ನಿಧಾನ ಎಂದಿತು. ನಿಜವಾದ ಕರೆಗಳಲ್ಲಿ ಅಳೆದಾಗಲೂ ಸುಮಾರು ಶೇ. 4ರಷ್ಟು ನಿಧಾನವೇ. ಕಾರಣ ನೋಡಿ: ಗಿರಾಕಿ ಮಾತಾಡುತ್ತಿರುವಾಗ ಬೆರಳು ಒತ್ತುವ ಕೀಲಿಗಳಿಗೆ ಖರ್ಚೇ ಇಲ್ಲ, ಹೇಗೂ ಕಾಯುವ ಹೊತ್ತು ಅದು. ಹೊಸ ಯಂತ್ರ ಅಂಥ ಬಿಟ್ಟಿ ಕೀಲಿಗಳನ್ನು ತೆಗೆದುಹಾಕಿ, ಬೇರೆ ಕೆಲವನ್ನು ಎಲ್ಲರೂ ಕಾಯುವ ಜಾಗಕ್ಕೆ ತಳ್ಳಿತ್ತು. ಕೀಲಿಗಳ ಸಂಖ್ಯೆಯನ್ನಷ್ಟೇ ಎಣಿಸುವವರಿಗೆ ಇದು ಕಾಣುವುದಿಲ್ಲ.

ವಿಂಡೋಗಳ ವಿಷಯಕ್ಕೂ ಕಾರ್ಡ್ ಇದೇ ಬಗೆಯ ಯೋಚನೆ ತಂದರು. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೆಮೊರಿ ಸಾಲದೆ ಪುಟಗಳನ್ನು ಒಳಗೂ ಹೊರಗೂ ಎಳೆದಾಡುವ ಹಾಗೆ, ಚಿಕ್ಕ ಪರದೆಯಲ್ಲಿ ಬಳಕೆದಾರರು ವಿಂಡೋಗಳನ್ನು ಎಳೆದಾಡುತ್ತಾರೆ ಎಂದು ಕಂಡು, ಆಸ್ಟಿನ್ ಹೆಂಡರ್ಸನ್ ಜತೆ ‘ರೂಮ್ಸ್’ ಎಂಬ ತಂತ್ರಾಂಶ ಕಟ್ಟಿದರು. ಕೆಲಸಕ್ಕೊಂದು ಕೋಣೆ, ಒಂದೇ ವಿಂಡೋ ಹಲವು ಕೋಣೆಗಳಲ್ಲಿ. ಇಂದಿನ ವರ್ಚುವಲ್ ಡೆಸ್ಕ್‌ಟಾಪ್‌ಗಳ ಹಿರಿಯಣ್ಣ ಅದು.

ತೊಂಬತ್ತರ ದಶಕದಲ್ಲಿ ಪೀಟರ್ ಪಿರೋಲಿ ಜತೆ ಬೆಳೆಸಿದ ‘ಇನ್ಫರ್ಮೇಷನ್ ಫೊರೇಜಿಂಗ್’ (ಮೇವಿನಂತೆ ಮಾಹಿತಿ ಹುಡುಕುವುದು) ಸಿದ್ಧಾಂತ ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ದಿಟ್ಟ ಹೆಜ್ಜೆ. ಮೇವು ಹುಡುಕುವ ಪ್ರಾಣಿಗೆ ಜೀವವಿಜ್ಞಾನಿ ಎರಿಕ್ ಚಾರ್ನೋವ್ 1976ರಲ್ಲಿ ಕೊಟ್ಟ ನಿಯಮ: ಈಗಿರುವ ಜಾಗದಲ್ಲಿ ಸಿಗುವ ದರ, ಓಡಾಟದ ಸಮಯವನ್ನೂ ಸೇರಿಸಿದ ಒಟ್ಟು ಪ್ರದೇಶದ ಸರಾಸರಿಗೆ ಇಳಿದ ಕ್ಷಣ ಅಲ್ಲಿಂದ ಹೊರಡು. ಮಾಹಿತಿ ಹುಡುಕುವವರೂ ಹೀಗೇ ನಡೆದುಕೊಳ್ಳುತ್ತಾರೆ ಎಂಬುದು ಇವರ ವಾದ. ಪುಟದಿಂದ ಪುಟಕ್ಕೆ ಹೋಗುವುದು ಸುಲಭವಾದಷ್ಟೂ ಒಂದೊಂದು ಪುಟದಲ್ಲಿ ನಿಲ್ಲುವ ಸಮಯ ಕಡಿಮೆಯಾಗುತ್ತದೆ. ಓದುಗರ ಸೋಮಾರಿತನ ಅದಲ್ಲ, ಸರಿಯಾದ ಲೆಕ್ಕವೇ.

ಯಾವ ಕೊಂಡಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ಅದರ ‘ವಾಸನೆ’: ಕೊಂಡಿಯ ಪದಗಳು ಮನಸ್ಸಿನಲ್ಲಿರುವ ಗುರಿಯ ಹತ್ತಿರವಿವೆಯೇ? ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದಕ್ಕೆ ಯಾವ ವಾಸನೆಯೂ ಇಲ್ಲ. ‘ಸಂಪನ್ಮೂಲಗಳು’, ‘ಪರಿಹಾರಗಳು’ ಎಂಬ ಮೆನು ಹೆಸರುಗಳಿಗೆ ಇದ್ದೂ ಇಲ್ಲದ ಹಾಗೆ. ಪ್ರತಿ ಹಂತದಲ್ಲೂ ಎರಡು ಕೊಂಡಿಗಳು ಒಂದೇ ಥರ ಕಂಡು ಎರಡನ್ನೂ ತೆರೆದು ನೋಡಬೇಕಾಗಿ ಬಂದರೆ, ಐದು ಹಂತದ ಆಳಕ್ಕೆ ಒಟ್ಟು 62 ಪುಟ (2+4+8+16+32). ಹೆಸರು ಸ್ಪಷ್ಟವಾಗಿದ್ದರೆ ಐದೇ. ಹಾಗಾಗಿ ಕೊಂಡಿಯ ಹೆಸರು ಪರೀಕ್ಷಿಸುವಾಗ ಪುಟವನ್ನು ಮುಚ್ಚಿಟ್ಟು ಹೆಸರುಗಳ ಪಟ್ಟಿಯನ್ನಷ್ಟೇ ಕೊಡಿ, ಜತೆಗೆ ಒಂದು ಕೆಲಸ ಹೇಳಿ, ಯಾವುದನ್ನು ಒತ್ತುವಿರಿ ಎಂದು ಕೇಳಿ. ಉತ್ತರ ಎರಡು ಕೊಂಡಿಗಳ ನಡುವೆ ಹಂಚಿಹೋದರೆ ಬದಲಿಸಬೇಕಾದದ್ದು ಆ ಎರಡು ಹೆಸರುಗಳನ್ನು, ಬಣ್ಣವನ್ನಲ್ಲ.