ಸೋಂಕಿರುವ ಜಾಗದಲ್ಲೇ ನಿಲ್ಲುವ ಔಷಧ

ಹಲ್ಲುನೋವು ಬಂದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಎರಡು ದಿನ ನುಂಗಿ, ನೋವು ತಗ್ಗಿದೊಡನೆ ಬಿಟ್ಟುಬಿಡುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಔಷಧ ಸೋಂಕಿನ ಜಾಗವನ್ನು ತಲುಪುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನುಂಗಿದ ಮಾತ್ರೆ ರಕ್ತದ ಮೂಲಕವೇ ಸಾಗಬೇಕು. ಹಲ್ಲಿನೊಳಗಿನ ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತ ಹರಿಯುವುದೇ ಇಲ್ಲ.

ವಸಡಿನ ರೋಗದಲ್ಲಿ ತೊಡಕು ಬೇರೆ ಬಗೆಯದು. ಹಲ್ಲು ಮತ್ತು ವಸಡಿನ ನಡುವೆ ಐದಾರು ಮಿಲಿಮೀಟರ್ ಆಳದ ಸಂದಿ ಉಂಟಾದಾಗ ಬಾಯಿ ಮುಕ್ಕಳಿಸುವ ದ್ರಾವಣ ಅದರ ತಳಕ್ಕೆ ಇಳಿಯುವುದಿಲ್ಲ. ಸಿರಿಂಜಿನಿಂದ ಔಷಧವನ್ನು ತುಂಬಿದರೂ, ಅಲ್ಲಿ ಒಸರುವ ದ್ರವ ಗಂಟೆಗೆ ಸುಮಾರು 40 ಬಾರಿ ಬದಲಾಗುವುದರಿಂದ ಅದು ಬೇಗನೆ ಕೊಚ್ಚಿಹೋಗುತ್ತದೆ. ಆದ್ದರಿಂದ ಔಷಧವನ್ನು ಅಲ್ಲಿ ಇಟ್ಟರಷ್ಟೇ ಸಾಲದು, ಅದು ಅಲ್ಲಿ ದಿನಗಟ್ಟಲೆ ಊರುತ್ತಲೇ ಇರಬೇಕು. 1979ರಲ್ಲಿ ಮ್ಯಾಕ್ಸ್ ಗುಡ್‌ಸನ್ ಮತ್ತು ಸಂಗಡಿಗರು ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ತುಂಬಿದ ಪೊಳ್ಳು ಎಳೆಗಳನ್ನು ಈ ಸಂದಿಯಲ್ಲಿರಿಸಿ, ಇದು ಸಾಧ್ಯವೆಂದು ತೋರಿಸಿದರು. ಮುಂದೆ ಬಂದ ಪೆರಿಯೋಚಿಪ್ ಎಂಬ ಜೆಲಟಿನ್ ತುಣುಕಿನ ಉದ್ದ 5, ಅಗಲ 4 ಮಿಲಿಮೀಟರ್. ಅದರಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾನಾಶಕ ಬರೀ 2.5 ಮಿಲಿಗ್ರಾಂ. ಮೊದಲ ದಿನ ಅದರ ಸುಮಾರು ಶೇ. 40ರಷ್ಟು ಹೊರಬಂದರೆ, ಉಳಿದದ್ದು ಒಂದು ವಾರ, ಹತ್ತು ದಿನದವರೆಗೆ ನಿಧಾನವಾಗಿ ಬಿಡುಗಡೆಯಾಗುತ್ತದೆ, ತುಣುಕು ತಾನಾಗಿಯೇ ಕರಗುತ್ತದೆ. ಇಡೀ ದೇಹವನ್ನು ಔಷಧಕ್ಕೆ ಒಡ್ಡದೆ, ಹೊಟ್ಟೆ ಕೆಡಿಸದೆ, ಇಷ್ಟು ಅಲ್ಪ ಪ್ರಮಾಣದಿಂದ ಕೆಲಸ ಸಾಧಿಸುವ ಈ ಬಗೆ ನನಗೆ ಬಹಳ ಮೆಚ್ಚುಗೆಯಾದದ್ದು. ನನ್ನ ತಾಯಿಯವರ ವಸಡಿನಲ್ಲಿ ಇಂಥದ್ದನ್ನು ಇರಿಸಿದಾಗ ವೈದ್ಯರು ಒತ್ತಿ ಹೇಳಿದ್ದು, ಹತ್ತು ದಿನ ಆ ಹಲ್ಲಿನ ಬಳಿ ದಾರ ಹಾಕಿ ಶುಚಿಗೊಳಿಸಬಾರದೆಂಬುದನ್ನು.

ಆದರೆ ಇದನ್ನು ಪವಾಡವೆಂದು ಮಾರುವವರನ್ನು ನಂಬಬಾರದು. ಹಲ್ಲಿನ ಬೇರಿಗೆ ಅಂಟಿದ ಗಟ್ಟಿ ಕಿಟ್ಟವನ್ನೂ ಬ್ಯಾಕ್ಟೀರಿಯಾಗಳ ಪದರವನ್ನೂ ಮೊದಲು ಕೆರೆದು ತೆಗೆಯಲೇಬೇಕು. ಆ ಶುಚಿಗೊಳಿಸುವಿಕೆಯ ಜೊತೆಗೆ ಈ ತುಣುಕನ್ನೂ ಬಳಸಿದಾಗ ಸಂದಿಯ ಆಳ ತಗ್ಗುವುದರಲ್ಲಿ ಸಿಗುವ ಹೆಚ್ಚುವರಿ ಲಾಭ ಸರಾಸರಿಯಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಕೆಲವೇ ಹಲ್ಲುಗಳ ಬಳಿ ಮೊಂಡಾಗಿ ಉಳಿದ ಸಂದಿಗಳಿಗೆ ಅದು ತಕ್ಕದ್ದು. ಬಾಯಿಯ ತುಂಬ ರೋಗ ಹರಡಿರುವಾಗ ಅಲ್ಲ.

ರೂಟ್ ಕೆನಾಲ್ ಚಿಕಿತ್ಸೆಯಲ್ಲೂ ಇದೇ ತತ್ವವಿದೆ. ಸೋಂಕಿದ ನಾಳವನ್ನು ಶುಚಿಗೊಳಿಸಿ, ಎರಡು ಭೇಟಿಗಳ ನಡುವೆ ತುಂಬಿಡುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟಿನ ಪಿಎಚ್ ಸುಮಾರು 12.5, ಅಷ್ಟು ಕ್ಷಾರೀಯ ಪರಿಸರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕಲಾರವು. ನೋವು ಇಳಿಯುವುದು ಮುಖ್ಯವಾಗಿ ಒಳಗಿನ ಕೊಳೆತವನ್ನು ತೆಗೆದು ಒತ್ತಡವನ್ನು ಇಳಿಸಿದ್ದರಿಂದ. ಅಮೆರಿಕದ ದಂತವೈದ್ಯ ಸಂಘ 2019ರಲ್ಲಿ ನೀಡಿದ ಮಾರ್ಗಸೂಚಿಯೂ, ಹಲ್ಲಿನ ಚಿಕಿತ್ಸೆ ತಕ್ಷಣ ದೊರೆಯುವ ಆರೋಗ್ಯವಂತ ವಯಸ್ಕರಿಗೆ ಇಂಥ ಬಹುತೇಕ ನೋವುಗಳಲ್ಲಿ ಆ್ಯಂಟಿಬಯೋಟಿಕ್ ಕೊಡಬಾರದೆಂದೇ ಹೇಳುತ್ತದೆ. ಜ್ವರ ಬಂದು, ಮುಖದ ಬಾವು ಹರಡಿ, ಬಾಯಿ ತೆರೆಯುವುದೋ ನುಂಗುವುದೋ ಕಷ್ಟವಾದರೆ ಮಾತು ಬೇರೆ: ಆಗ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು, ಮತ್ತು ಆ ದಿನವೇ ಆಸ್ಪತ್ರೆಗೆ ಹೋಗಬೇಕು.