ಮೊದಲ ಹಾಡಿನಲ್ಲೇ ಸತ್ತವನು

"ಅಪ್ಪಾ, ಇದರಲ್ಲಿ ಅವನು ಮೊದಲೇ ಸತ್ತಿರ್ತಾನೆ. ಕೇಳ್ತಾ ಕೇಳ್ತಾ ಬದುಕ್ತಾನೆ."

ಅಕ್ಕನ ಮಗ ಅವರಪ್ಪನಿಗೆ ಹೇಳಿದ ಈ ಮಾತು ವಾರವೆಲ್ಲ ನನ್ನ ತಲೆಯಲ್ಲೇ ಕೂತಿದೆ. ಗೆಳೆಯ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ ಮೇಲೆ ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ, ಯಾರ ಜೊತೆಯೂ ಮಾತಾಡುತ್ತಿಲ್ಲ. ಅಂಥವನು ಸ್ಪೀಕರಿಗೆ ಹಾಕಿಕೊಂಡಿದ್ದ ಆಲ್ಬಮ್ ಶುರುವಾಗುವುದೇ ಎದೆಬಡಿತ ನಿಂತಾಗ ಆಸ್ಪತ್ರೆಯ ಯಂತ್ರ ಮಾಡುವ ಆ ಎಳೆದ ಸದ್ದಿನಿಂದ. ಭಾವ ಸಿಡುಕಿದರು. "ಸಾವಿನ ಹಾಡು ಕೇಳೋ ವಯಸ್ಸೇನೋ ಇದು? ಆಫ್ ಮಾಡು." ಆಗ ಅವನು ಹಾಗಂದ. ಜೋರು ಮಾಡಿ ಅಲ್ಲ, ಲೆಕ್ಕ ಬಿಡಿಸಿ ಹೇಳುವ ಹಾಗೆ.

ಭಾವ ಒಳ್ಳೆಯವರೇ. ಆದರೆ ಅವರಿಗೆ ದುಃಖ ಕಂಡರೆ ಭಯ. ಭಯವಾದಾಗ ಗದರುತ್ತಾರೆ. ಅಕ್ಕ ಇದನ್ನೆಲ್ಲ ನೋಡಿಯೂ ಸುಮ್ನಿರುತ್ತಾಳೆ. ಅದು ನನಗೆ ಸರಿ ಅನಿಸಲ್ಲ.

ಆಲ್ಬಮ್ಮಿನ ಹೆಸರು 'ಅನ್‌ಡನ್'. ಅಮೆರಿಕದ ಫಿಲಡೆಲ್ಫಿಯಾದ ದ ರೂಟ್ಸ್ ಎಂಬ ರ‍್ಯಾಪ್ ತಂಡ 2011ರ ಡಿಸೆಂಬರಿನಲ್ಲಿ ತಂದದ್ದು. ರೆಡ್‌ಫರ್ಡ್ ಸ್ಟೀಫನ್ಸ್ ಎಂಬ ಕಲ್ಪಿತ ಹುಡುಗನ ಕತೆ. ಹುಟ್ಟಿದ್ದು 1974, ಸತ್ತದ್ದು 1999. ಬೀದಿಯ ದಂಧೆಗೆ ಇಳಿದು, 25 ತುಂಬುವ ಹೊತ್ತಿಗೆ ಮುಗಿದುಹೋದವನು. ಕತೆಯನ್ನು ಹಿಂದಿನಿಂದ ಹೇಳುತ್ತಾರೆ. ಮೊದಲು ಸಾವು. 'ಸ್ಲೀಪ್' ಹಾಡಿನಲ್ಲಿ ಸತ್ತವನೇ ಮಾತಾಡುತ್ತಾನೆ. ಆಮೇಲೆ ಪ್ರಾಣ ಹೋಗುವ ಗಳಿಗೆ, ಅದಕ್ಕೂ ಹಿಂದಿನ ಓಡಾಟ, ದುಡ್ಡಿನ ಆಸೆ. 'ಲೈಟ್‌ಹೌಸ್'ನಲ್ಲಿ ಮುಳುಗುವವನಿಗೆ ದಾರಿ ತೋರಿಸಲು ದೀಪಸ್ತಂಭದಲ್ಲಿ ಒಬ್ಬರೂ ಇಲ್ಲ. 'ಟಿಪ್ ದ ಸ್ಕೇಲ್'ನಲ್ಲಿ ಒಂದು ಪ್ರಶ್ನೆ ಬರುತ್ತದೆ: ಜೈಲಿಗೆ ಹೋದವರಲ್ಲಿ ಎಷ್ಟು ಜನ ಮಾಲ್ಕಮ್ ಎಕ್ಸ್ ಆಗಿ ಹೊರಗೆ ಬರುತ್ತಾರೆ? (ಕಳ್ಳತನಕ್ಕೆ ಜೈಲಿಗೆ ಹೋಗಿ, ಬದಲಾಗಿ ಬಂದು ಕರಿಯರ ನಾಯಕನಾದವನು ಅವನು.) ಅಲ್ಲಿಗೆ ಬರುವಷ್ಟರಲ್ಲಿ ಅವನ ಮುಂದೆ ಇನ್ನೂ ಬದುಕಿದೆ. ಕೇಳುವ ನಮಗೆ ಮಾತ್ರ ಕೊನೆ ಗೊತ್ತು. ಅದೇ ಜಾಸ್ತಿ ನೋಯುವುದು.

ಇದು ಸ್ವರ್ಗ ನರಕದ ಕತೆಯಲ್ಲ. ಸತ್ತ ಮೇಲೆ ಇರುವುದು ತಿರುಗಿ ನೋಡುವುದೊಂದೇ.

"ಕೇಳ್ತಾ ಕೇಳ್ತಾ ಬದುಕ್ತಾನೆ." ನಮ್ಮಪ್ಪ ಹೋದಾಗ ನನಗೂ ಹೀಗೇ ಆಗಿತ್ತು. ತುಂಬಾ ದಿನ ನೆನಪಿಗೆ ಬರುತ್ತಿದ್ದುದು ಐಸಿಯುನಲ್ಲಿ ಕೊಳವೆ ಹಾಕಿದ್ದ ಮುಖ ಒಂದೇ. ಬೇರೆ ಅಪ್ಪ ಇದ್ದರು ಅನ್ನುವುದೇ ಮರೆತುಹೋಗಿತ್ತು. ನಿಧಾನವಾಗಿ ಅದಕ್ಕೂ ಹಿಂದಿನವರು ಬಂದರು. ಔಷಧಿ ಬೇಡ ಅಂತ ಹಟ ಮಾಡುವ ಅಪ್ಪ. ಆಮೇಲೆ ನನ್ನ ಮದುವೆ ವಿಷಯಕ್ಕೆ ಜಗಳ ಆಡಿದ ಅಪ್ಪ. ಎಲ್ಲಕ್ಕಿಂತ ಕೊನೆಯಲ್ಲಿ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ ಪ್ರಾಯದ ಅಪ್ಪ. ಯಾರಾದರೂ ಹೋದರೆ ನಾವು ಅವರನ್ನು ಶುರುವಿನಿಂದ ನೆನೆಯುವುದಿಲ್ಲ, ಅಲ್ವಾ? ಕೊನೆಯ ದಿನದಿಂದಲೇ ಹಿಡಿದು ಹಿಂದಕ್ಕೆ ನಡೆಯಬೇಕು. ಈ ಹುಡುಗ ಇನ್ನೂ ಅಪಘಾತದ ಹತ್ತಿರವೇ ನಿಂತಿದ್ದಾನೆ. ದಾಟುವ ದಾರಿಯನ್ನು ಅವನೇ ಹುಡುಕಿಕೊಂಡಿದ್ದಾನೆ. ಅದನ್ನು ಆಫ್ ಮಾಡು ಅನ್ನುವುದು ತಪ್ಪು. ಭಾವನಿಗೂ ನೇರವಾಗಿ ಹೇಳಿದೆ.

ರ‍್ಯಾಪ್ ಅಂದರೆ ಸಾವಿನ ಜಂಬ, ಬರೀ ಗನ್ನಿನ ಮಾತು ಅಂತ ಅವರು ವಾದಿಸಿದರು. ಅಂಥ ಹಾಡುಗಳೂ ಇವೆ. ಆದರೆ ಇಲ್ಲಿ ರೆಡ್‌ಫರ್ಡನ ದನಿಯಾಗಿರುವ ತಂಡದ ರ‍್ಯಾಪರ್ ಬ್ಲ್ಯಾಕ್ ಥಾಟ್, ಅಂದರೆ ತಾರಿಕ್ ಟ್ರಾಟರ್, ಕೂಸಾಗಿದ್ದಾಗಲೇ ತಂದೆಯ ಕೊಲೆಯಾಯಿತು. ಹದಿಹರೆಯದಲ್ಲಿ ತಾಯಿಯದೂ. ಅವರಿಗೆ ಸಾವು ಶೋಕಿಯ ವಿಷಯವಲ್ಲ. ನ್ಯೂಯಾರ್ಕಿನ ರ‍್ಯಾಪರ್ ನೊಟೋರಿಯಸ್ ಬಿ.ಐ.ಜಿ.ಯನ್ನು ನೋಡಿ. ಅವನ 1994ರ ಆಲ್ಬಮ್ 'ರೆಡಿ ಟು ಡೈ' ಹುಟ್ಟಿನಿಂದ ಶುರುವಾಗಿ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. ಮುಂದಿನ 'ಲೈಫ್ ಆಫ್ಟರ್ ಡೆತ್' ಅದೇ ಗಳಿಗೆಯಿಂದ ಎದ್ದು ಶುರುವಾಗುತ್ತದೆ. ಅದು ಅಂಗಡಿಗೆ ಬಂದದ್ದು 1997ರ ಮಾರ್ಚ್ 25ಕ್ಕೆ. ಮಾರ್ಚ್ 9ಕ್ಕೇ ಲಾಸ್ ಏಂಜಲೀಸ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದಿದ್ದರು. ವಯಸ್ಸು 24. ರೆಡ್‌ಫರ್ಡ್ ಕಲ್ಪನೆಯವನು ಅಂತ ಸಮಾಧಾನ ಮಾಡಿಕೊಳ್ಳಲು ಹೋದರೆ ಈ ಲೆಕ್ಕ ಅಡ್ಡ ಬರುತ್ತದೆ.

'ಅನ್‌ಡನ್' ಕೊನೆಯಲ್ಲಿ ಮಾತೇ ಇಲ್ಲದ ನಾಲ್ಕು ತುಣುಕುಗಳಿವೆ. ಮೊದಲನೆಯದು ಅಮೆರಿಕದ ಹಾಡುಗಾರ ಸುಫ್ಯಾನ್ ಸ್ಟೀವನ್ಸ್ 2003ರಲ್ಲಿ ಮಾಡಿದ 'ರೆಡ್‌ಫರ್ಡ್'. ಪಾತ್ರದ ಹೆಸರು ಬಂದದ್ದೂ ಅಲ್ಲಿಂದಲೇ. ಮೂರನೆಯದರಲ್ಲಿ ಪಿಯಾನೋ ಮತ್ತು ಡ್ರಮ್ಸ್ ಒಂದರ ಮೇಲೊಂದು ಬಿದ್ದು ಹೊಡೆದಾಡುತ್ತವೆ. ನನಗೆ ಅದು ಸಾಯುವವನ ಒದ್ದಾಟ ಅನಿಸಿತು. ಅಕ್ಕನ ಮಗ ಒಪ್ಪಲಿಲ್ಲ. "ಇಲ್ಲ ಚಿಕ್ಕಮ್ಮ, ಹುಟ್ಟೋದಕ್ಕೆ ಒದ್ದಾಡ್ತಿದ್ದಾನೆ."

ಹಾಗಾದರೆ ಕೊನೆಯಿಂದ ಮೊದಲಿಗೆ ಹಾಕು, ಕತೆ ನೇರವಾಗಿ ಕೇಳೋಣ ಅಂದೆ. ಫೋನ್ ನನ್ನ ಕೈಗೆ ಕೊಟ್ಟ. "ನೀವು ಬೇಕಾದ್ರೆ ಕೇಳಿ. ಹಾಗೆ ಹಾಕಿದ್ರೆ ಅವನು ಸಾಯ್ತಾನೆ. ನಾನು ಕೇಳಲ್ಲ." ನಾನೂ ಕೇಳಲಿಲ್ಲ. ಮತ್ತೆ ಮೊದಲಿಂದಲೇ ಹಾಕಿಸಿದೆ. ಭಾವ ಒಳಗೆ ಹೋಗದೆ ಬಾಗಿಲ ಹತ್ತಿರವೇ ನಿಂತಿದ್ದರು. ಎರಡನೇ ಹಾಡು ಮುಗಿಯುವಾಗ ಮಗನಿಗೆ ಕೇಳಿದರು, "ಇವನ ಅಪ್ಪ ಅಮ್ಮ ಎಲ್ಲಿ ಬರ್ತಾರೆ ಇದರಲ್ಲಿ?"