ಸೆಲ್ಫ್ ಮೋಟಾರನ್ನು ದೂರುವ ಮೊದಲು ಅದು ಕೂತ ಜಾಗ ನೋಡಿ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಪೆರ್ಲ, ದೇಲಂಪಾಡಿ ಕಡೆಯ ಗುಡ್ಡೆದಾರಿಗಳಲ್ಲಿ ಗೊಬ್ಬರ, ಅಡಿಕೆ ಹೊರಲು ಇವತ್ತಿಗೂ ಹಳೇ ಡೀಸೆಲ್ ಜೀಪು ಬೇಕು. ಇಂಜಿನ್ ಚಾಲೂ ಮಾಡಲು ಸೆಲ್ಫ್ ಹೊಡೆದಾಗ ಕರ್ರೆಂದು ಹಲ್ಲು ಕಡಿದ ಸದ್ದು ಬಂತೆಂದರೆ ಮೋಟಾರನ್ನೇ ಬಿಚ್ಚಿ ಬುಶ್, ಬೆಂಡಿಕ್ಸ್ (ಮೋಟಾರಿನ ಹಲ್ಲುಚಕ್ರವನ್ನು ಮುಂದೆ ದೂಡುವ ಭಾಗ) ಬದಲಿಸುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಅದೇ ಸದ್ದು. ಎಷ್ಟೋ ಸಲ ದೋಷ ಇರುವುದು ಮೋಟಾರಿನಲ್ಲಲ್ಲ, ಅದು ಬೆಲ್ ಹೌಸಿಂಗಿಗೆ (ಇಂಜಿನ್ನಿನ ಹಿಂದೆ ಕ್ಲಚ್ಚನ್ನು ಮುಚ್ಚುವ ಕವಚ) ಕೂತ ಜಾಗದಲ್ಲಿ.

ಮೋಟಾರಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್, ಇಂಜಿನ್ನಿನ ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರನ್ನು ತಿರುಗಿಸುವಾಗ ರಿಂಗ್ ಗೇರೂ ಮೋಟಾರನ್ನು ಅಷ್ಟೇ ಜೋರಾಗಿ ಆಚೆಗೆ ದೂಡುತ್ತದೆ. ಬೋಲ್ಟು ತುಸು ಸಡಿಲಾದರೂ ಮೋಟಾರು ವಾರೆಯಾಗಿ, ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡು ಸವೆಯುತ್ತವೆ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಗೇರ್ ನ್ಯೂಟ್ರಲ್, ಚಕ್ರಕ್ಕೆ ಕಲ್ಲು, ಇಂಜಿನ್ ಚಾಲೂ ಆಗದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ದೂರದಿಂದ ಟಾರ್ಚ್ ಬಿಟ್ಟು ನೋಡಿ. ಮೋಟಾರು ಮಿಸುಕಿದರೆ ಕಳ್ಳ ಸಿಕ್ಕಿದ ಹಾಗೆಯೇ.

ಇನ್ನೊಂದು ಗುರುತು ವಾಷರಿನ ಅಂಚಿನಲ್ಲಿರುತ್ತದೆ: ಕುಂಕುಮದಷ್ಟು ನಯವಾದ ಕಂದು ಪುಡಿ. ನಮ್ಮಲ್ಲಿ ಮುರಕಲ್ಲಿನ ಧೂಳು ಎಲ್ಲ ಕಡೆ ಕೂತಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಒರೆಸಿ ನಾಲ್ಕು ದಿನ ಓಡಿಸಿ. ವಾಷರಿನ ಸುತ್ತ ಮಾತ್ರ ಮತ್ತೆ ಬಂದರೆ ಅದು ಧೂಳಲ್ಲ, ಎರಡು ಲೋಹ ಉಜ್ಜಿ ಬಂದ ತುಕ್ಕು.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಸೊಲೆನಾಯ್ಡಿನ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ದೊಡ್ಡ ವಯರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ; ಅದಕ್ಕೆ ತಾಗಿದ ಸ್ಪಾನರ್ ಬಾಡಿಗೂ ತಾಗಿದರೆ ಕೈ ಸುಡುತ್ತದೆ.

ಬೋಲ್ಟು ಕೂರುವ ತೂತಿನ ಪಿರಿ (ಥ್ರೆಡ್) ಹೋಗಿದ್ದರೆ ದಪ್ಪ ಬೋಲ್ಟು ತುರುಕುವುದು, ಪಿರಿಗೆ ನೂಲು ಸುತ್ತುವುದು ಬೇಡವೇ ಬೇಡ. ಅಲ್ಯೂಮಿನಿಯಂ ಹೌಸಿಂಗಿಗೆ ಹೆಲಿಕಾಯಿಲ್ (ಹೊಸ ಪಿರಿಯಾಗಿ ಕೂರುವ ತಂತಿಯ ಸುರುಳಿ) ಹಾಕಿಸಿ. 10 ಮಿ.ಮೀ. ಬೋಲ್ಟಿನಲ್ಲಿ ಪಿರಿಯ ಅಂತರ 1.5 ಅಥವಾ 1.25 ಮಿ.ಮೀ. ಇರಬಹುದು, ಪಿರಿ ಅಳೆಯುವ ಗೇಜ್ ಇಟ್ಟೇ ಕಿಟ್ ಕೊಳ್ಳಿ. 1.5ಕ್ಕೆ 10.4 ಮಿ.ಮೀ. ಡ್ರಿಲ್ ಬೇಕು. ಸೀಮೆಎಣ್ಣೆ ಬಿಡುತ್ತಾ ನೇರವಾಗಿ ಕೊರೆಯಿರಿ. ವಾರೆಯಾದರೆ ಮಾಡಿದ್ದೆಲ್ಲ ದಂಡ. ಸುರುಳಿ ಮೇಲ್ಮೈಗಿಂತ ಅರ್ಧ ಸುತ್ತು ಒಳಗೆ ನಿಲ್ಲಬೇಕು. ಬೋಲ್ಟು 15ರಿಂದ 20 ಮಿ.ಮೀ. ಪಿರಿಯೊಳಗೆ ಹೋಗಬೇಕು, ಆದರೆ ಕುರುಡು ತೂತಿನ (ಆಚೆ ಬದಿ ತೆರೆಯದ ತೂತು) ತಳ ಮುಟ್ಟಬಾರದು. ತಳ ಮುಟ್ಟಿದ ಬೋಲ್ಟು ಬಿಗಿಯಾದ ಹಾಗೆ ಕಾಣುತ್ತದೆ, ಮೋಟಾರು ಮಾತ್ರ ಸಡಿಲವೇ.

ಮೋಟಾರಿನ ಮುಖವನ್ನೂ ಹೌಸಿಂಗಿನ ಮುಖವನ್ನೂ ಲೋಹ ಹೊಳೆಯುವ ತನಕ ಉಜ್ಜಿ. ಪೈಂಟ್ ಬೇಡ, ಯಾಕೆಂದರೆ ಮೋಟಾರಿನ ಅರ್ತ್ ಹೋಗುವುದೇ ಈ ಮುಖದ ಮೂಲಕ. ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ಇಲ್ಲಿ ಬೇಗ ತುಕ್ಕು ಹಿಡಿದು, ಬ್ಯಾಟರಿ ಸರಿಯಿದ್ದರೂ ಸೆಲ್ಫ್ ಎಳೆದೆಳೆದು ತಿರುಗುತ್ತದೆ. ಸೆಲ್ಫ್ ಹೊಡೆಯುವಾಗ ಮೋಟಾರಿನ ಬಾಡಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ ಮೀಟರು 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಈ ಮುಖ, ಇಂಜಿನ್ನಿನ ಅರ್ತ್ ಪಟ್ಟಿ ಎರಡನ್ನೂ ನೋಡಿ.

ಮೋಟಾರಿನ ಕಿವಿ (ಬೋಲ್ಟು ಹಾಕುವ ಚಾಚು) ಮುರಿದಿದ್ದರೆ ವೆಲ್ಡಿಂಗ್ ಬೇಡ, ಬಿಸಿಗೆ ಮುಖ ಡೊಂಕಾಗುತ್ತದೆ. ಮೂತಿಯ ಬ್ರಾಕೆಟನ್ನೇ ಬದಲಿಸಿ. ಕಿವಿ ಮುರಿಯಲು ಕಾರಣ ಹೆಚ್ಚಾಗಿ ಹಿಂಬದಿಯ ಆಧಾರ ಪಟ್ಟಿ: ಹಿಂದೆ ಯಾರೋ ಬಿಚ್ಚಿದವರು ತಿರುಗಿ ಹಾಕಿರುವುದಿಲ್ಲ. ಪಟ್ಟಿಯನ್ನು ಮೊದಲು ಸಡಿಲಾಗಿಡಿ, ಮುಂದಿನ ಬೋಲ್ಟುಗಳನ್ನು ಸರದಿಯಂತೆ ಬಿಗಿಯಿರಿ, ಕೊನೆಗೆ ಪಟ್ಟಿ. 8.8 ದರ್ಜೆಯ 10 ಮಿ.ಮೀ. ಬೋಲ್ಟಿಗೆ, ಗಾಡಿಯ ಪುಸ್ತಕ ಬೇರೆ ಹೇಳದಿದ್ದರೆ, 40 ನ್ಯೂಟನ್ ಮೀಟರ್ ಆಸುಪಾಸು ಸಾಕು.

ರಿಂಗ್ ಗೇರನ್ನೂ ಪೂರ್ತಿ ತಿರುಗಿಸಿ ನೋಡಿ. ನಾಲ್ಕು ಸಿಲಿಂಡರಿನ ಇಂಜಿನ್ ನಿಲ್ಲುವುದು ಸಾಧಾರಣ ಎರಡೇ ಜಾಗದಲ್ಲಿ, ಎದುರುಬದುರಾಗಿ. ಹಲ್ಲು ಸವೆಯುವುದೂ ಅಲ್ಲೇ. ಸವೆತ ಹೆಚ್ಚಿದ್ದರೆ ಮುಂದಿನ ಕ್ಲಚ್ ಕೆಲಸದ ಹೊತ್ತಿಗೆ ರಿಂಗ್ ಗೇರನ್ನು ಬಿಸಿ ಮಾಡಿ ಕಳಚಿ, ಕಾಲು ಸುತ್ತು ಸರಿಸಿ ಕೂರಿಸಿದರೆ ಒಳ್ಳೆಯ ಹಲ್ಲು ಪಿನಿಯನ್ನಿಗೆ ಸಿಗುತ್ತದೆ. ಹಲ್ಲಿನ ಇಳಿಜಾರು ಅಂಚು ಪಿನಿಯನ್ ಒಳಬರುವ ಕಡೆಗೇ ಇರಬೇಕು.